ಫಲಿತಾಂಶ ಮೊದಲೇ ಗೊತ್ತಿದ್ದರೆ ಅದು ಪ್ರಯೋಗವೇ? ಬಿಎಸ್ಸಿ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಬದಲಾಗಬೇಕಾದದ್ದು

ಬಿಎಸ್ಸಿಯಲ್ಲಿ ಮೈಕ್ರೋಬಯಾಲಜಿ ಓದಿದ ಯಾರನ್ನಾದರೂ ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ಎರಡು ಬಗೆಯಾಗಿ ಗುರುತಿಸುವ ಗ್ರಾಂ ಸ್ಟೇನಿಂಗ್ ಬಗ್ಗೆ ಕೇಳಿ ನೋಡಿ. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್ ಕೆಲವು ಸೆಕೆಂಡು, ಕೊನೆಗೆ ಸ್ಯಾಫ್ರನಿನ್ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ನೇರಳೆ ಬಂದರೆ ಗ್ರಾಂ ಪಾಸಿಟಿವ್, ಕೆಂಪು ಬಂದರೆ ಗ್ರಾಂ ನೆಗೆಟಿವ್. ಈಗ ಇನ್ನೊಂದು ಪ್ರಶ್ನೆ ಕೇಳಿ: ಅಯೋಡಿನ್ ಹಾಕುವುದನ್ನೇ ಮರೆತರೆ ಸ್ಲೈಡ್ ಮೇಲೆ ಏನು ಕಾಣುತ್ತದೆ? ಬಹಳಷ್ಟು ಮಂದಿ ಇಲ್ಲಿ ತಡವರಿಸುತ್ತಾರೆ.

ಉತ್ತರ ಕಷ್ಟದ್ದೇನಲ್ಲ. ಅಯೋಡಿನ್ ಸೇರಿದಾಗ ಕ್ರಿಸ್ಟಲ್ ವಯಲೆಟ್ ಜೀವಕೋಶದೊಳಗೆ ದೊಡ್ಡ ಕಣವಾಗಿ ಗಟ್ಟಿಯಾಗುತ್ತದೆ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದ ದಪ್ಪ ಗೋಡೆ ಆಲ್ಕೋಹಾಲ್ ತಾಗಿದಾಗ ನೀರು ಕಳೆದುಕೊಂಡು ಬಿಗಿಯುತ್ತದೆ, ಆ ದೊಡ್ಡ ಕಣ ಹೊರಗೆ ಬರಲಾಗದೆ ಸಿಕ್ಕಿಕೊಳ್ಳುತ್ತದೆ. ಅಯೋಡಿನ್ ಇಲ್ಲದಿದ್ದರೆ ಬಣ್ಣದ ಕಣ ಚಿಕ್ಕದಾಗಿಯೇ ಉಳಿಯುತ್ತದೆ. ಆಲ್ಕೋಹಾಲ್ ಹಾಕಿದರೆ ಎರಡೂ ಬಗೆಯ ಬ್ಯಾಕ್ಟೀರಿಯಾದಿಂದ ಹೆಚ್ಚುಕಡಿಮೆ ತೊಳೆದುಹೋಗುತ್ತದೆ. ಆಮೇಲೆ ಸ್ಯಾಫ್ರನಿನ್ ಹಾಕಿದರೆ ಎಲ್ಲವೂ ಕೆಂಪು. ಇದನ್ನು ತಾನಾಗಿ ಯೋಚಿಸಿ ಹೇಳಬಲ್ಲ ವಿದ್ಯಾರ್ಥಿಗೆ ಗ್ರಾಂ ಸ್ಟೇನಿಂಗ್ ಅರ್ಥವಾಗಿದೆ. ಹಂತಗಳನ್ನು ಮಾತ್ರ ಒಪ್ಪಿಸುವವರಿಗೆ ಅರ್ಥವಾಗಿದೆಯೋ ಇಲ್ಲವೋ, ನಮಗೆ ಗೊತ್ತಾಗುವ ದಾರಿಯೇ ಇಲ್ಲ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೇಳುವುದು ಆ ಹಂತಗಳನ್ನೇ.

ಕರ್ನಾಟಕದಲ್ಲಿ ಪದವಿ ಪಠ್ಯಕ್ರಮದ ಬಗ್ಗೆ ಮಾತಿಗೇನೂ ಕೊರತೆಯಿಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಹೊಸ ಪದವಿ ವ್ಯವಸ್ಥೆ ಬಂತು. 2024–25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಕ್ರೆಡಿಟ್ ಎಷ್ಟು, ಪೇಪರ್ ಎಷ್ಟು, ಯಾವ ಯುನಿಟ್ ಯಾವ ಸೆಮಿಸ್ಟರ್‌ಗೆ ಅನ್ನುವ ಚರ್ಚೆಯಲ್ಲೇ ಅಧ್ಯಾಪಕರ ಸಮಯ ಕಳೆಯಿತು. ಇಷ್ಟೆಲ್ಲ ಆದರೂ ಮಧ್ಯಾಹ್ನದ ಪ್ರಾಕ್ಟಿಕಲ್ ಬ್ಯಾಚ್‌ನಲ್ಲಿ ನಡೆಯುವುದು ಅಷ್ಟಾಗಿ ಬದಲಾಗಿಲ್ಲ. ಗುರಿ, ತತ್ವ, ಬೇಕಾದ ಸಾಮಗ್ರಿ, ವಿಧಾನ, ಫಲಿತಾಂಶ. ಬಲಗಡೆ ರೂಲ್ ಹಾಳೆ, ಎಡಗಡೆ ಬಿಳಿ ಹಾಳೆಯಲ್ಲಿ ಪೆನ್ಸಿಲ್ ಚಿತ್ರ. ಸೀನಿಯರ್‌ಗಳ ರೆಕಾರ್ಡ್ ನೋಡಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಇನ್‌ಕ್ಯುಬೇಟರ್‌ನಿಂದ ಹೊರಗೆ ಬರುವ ಮೊದಲೇ ಫಲಿತಾಂಶ ಬರೆದು ಮುಗಿಸಿದರೂ ಯಾರೂ ಕೇಳುವುದಿಲ್ಲ. ಪ್ಲೇಟ್‌ನಲ್ಲಿ ಬೇರೇನೋ ಬೆಳೆದಿದ್ದರೆ ಅದು ವಿದ್ಯಾರ್ಥಿಯ ತಪ್ಪು, ಸೀದಾ ಡಿಸ್ಕಾರ್ಡ್ ಬಕೆಟ್‌ಗೆ. ಫ್ಲೆಮಿಂಗ್ 1928ರಲ್ಲಿ ಬೂಷ್ಟು ಬಂದ ಪ್ಲೇಟನ್ನು ಎಸೆಯದೆ ಗಮನಿಸಿ ನೋಡಿದ ಕತೆಯನ್ನು ಮೊದಲ ಸೆಮಿಸ್ಟರ್‌ನಲ್ಲಿ ಹೇಳುವವರೂ ನಾವೇ ಅಲ್ವಾ!

ನನ್ನ ವಾದ ಇಷ್ಟೇ. ಮೈಕ್ರೋಬಯಾಲಜಿ ಕಲಿಕೆ ಸುಧಾರಿಸಲು ಮೊದಲು ಬೇಕಾಗಿರುವುದು ಹೊಸ ಸಿಲಬಸ್ಸೂ ಅಲ್ಲ, ದುಬಾರಿ ಯಂತ್ರವೂ ಅಲ್ಲ. ಉತ್ತರ ಮೊದಲೇ ಗೊತ್ತಿಲ್ಲದ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು, ಏನಾಗಬಹುದು ಎಂದು ಮೊದಲು ಬಾಯಿಬಿಟ್ಟು ಹೇಳಿಸಬೇಕು, ಅದಕ್ಕೇ ಅಂಕ ಕೊಡಬೇಕು.

ಪುರಾವೆ ಏನು ಹೇಳುತ್ತದೆ

ಇದು ಬರೀ ಆದರ್ಶದ ಮಾತಲ್ಲ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಸರಾಸರಿ ಶೇ. 33.8ರಷ್ಟು ಮಂದಿ ಫೇಲಾಗಿದ್ದರು. ತರಗತಿಯಲ್ಲೇ ಚರ್ಚೆ, ಪ್ರಶ್ನೆ, ಗುಂಪು ಕೆಲಸ ಇದ್ದ ಕಡೆ ಅದು ಶೇ. 21.8. ಪರೀಕ್ಷೆಯ ಅಂಕಗಳು ಸುಮಾರು ಶೇ. 6ರಷ್ಟು ಏರಿದ್ದವು. 2020ರಲ್ಲಿ ಬಂದ ಇನ್ನೊಂದು ಅಂಥದೇ ವಿಶ್ಲೇಷಣೆ ಅಮೆರಿಕದಲ್ಲಿ ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳನ್ನೇ ನೋಡಿತು. ಪಾಲ್ಗೊಂಡು ಕಲಿಯುವ ತರಗತಿಗಳಲ್ಲಿ ಅವರಿಗೂ ಉಳಿದವರಿಗೂ ಇರುವ ಅಂಕಗಳ ಅಂತರ ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತುಂಬಿರುವ ನಮ್ಮ ಸರ್ಕಾರಿ ಪದವಿ ಕಾಲೇಜುಗಳಿಗೆ ಮೊದಲನೆಯದಕ್ಕಿಂತ ಈ ಎರಡನೆಯ ಸಂಗತಿಯೇ ಜಾಸ್ತಿ ಮುಖ್ಯ ಎಂದು ನನಗನ್ನಿಸುತ್ತದೆ.

ಒಂದು ತೊಡಕೂ ಇದೆ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ತಾವೇ ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ನಿಜಕ್ಕೂ ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವು ಎಂದುಕೊಂಡರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾಯಿತು ಅನ್ನಿಸಿತ್ತು. ‘ಸರ್, ನೋಟ್ಸ್ ಕೊಡಿ ಸಾಕು’ ಎಂದು ನಮ್ಮ ಹುಡುಗರು ಕೇಳುವುದರ ಹಿಂದೆ ಇರುವುದೂ ಇದೇ. ಹೊಸ ಬಗೆಯಲ್ಲಿ ಪಾಠ ಶುರುಮಾಡುವವರು ಮೊದಲ ತಿಂಗಳ ಗೊಣಗಾಟಕ್ಕೆ ತಯಾರಾಗಿಯೇ ಇರಬೇಕು.

ಮೈಕ್ರೋಬಯಾಲಜಿಗೆಂದೇ ಒಂದು ನಕ್ಷೆಯೂ ಇದೆ. ಅಮೆರಿಕನ್ ಸೊಸೈಟಿ ಫಾರ್ ಮೈಕ್ರೋಬಯಾಲಜಿ 2012ರಲ್ಲಿ ಪದವಿ ವಿದ್ಯಾರ್ಥಿ ತಿಳಿದಿರಲೇಬೇಕಾದ 27 ಮೂಲ ವಿಚಾರಗಳನ್ನು ಪಟ್ಟಿ ಮಾಡಿತು. ವಿಕಾಸ, ಕೋಶದ ರಚನೆ, ಚಯಾಪಚಯ, ಆನುವಂಶಿಕ ಮಾಹಿತಿ, ಸೂಕ್ಷ್ಮಜೀವಿಗಳ ವ್ಯವಸ್ಥೆ, ಅವುಗಳ ಪ್ರಭಾವ ಎಂಬ ಆರು ತಲೆಬರಹಗಳಡಿ ಅವು ಬರುತ್ತವೆ. ಗಮನಿಸಬೇಕಾದದ್ದು ಏನೆಂದರೆ, ವಿಕಾಸ ಮೊದಲ ಸ್ಥಾನದಲ್ಲಿದೆ. ನಮ್ಮಲ್ಲಿ ಮೊದಲು ಬರುವುದು ಇತಿಹಾಸ ಮತ್ತು ಸೂಕ್ಷ್ಮದರ್ಶಕದ ಬಿಡಿಭಾಗಗಳು.

ಇದು ಯಾಕೆ ಮುಖ್ಯ ಎಂದು ತಿಳಿಯಲು ಆಂಟಿಬಯಾಟಿಕ್ ಪ್ರತಿರೋಧದ ವಿಷಯವನ್ನೇ ನೋಡೋಣ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣ ಎಂಬ ಅಂದಾಜಿದೆ. ಇಷ್ಟು ದೊಡ್ಡ ವಿಷಯದ ಬಗ್ಗೆ ವಿದ್ಯಾರ್ಥಿಗಳ ತಲೆಯಲ್ಲಿ ಎರಡು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಕೂತಿರುತ್ತವೆ. ಒಂದು, ‘ಮಾತ್ರೆ ತಿಂದು ತಿಂದು ದೇಹ ಅದಕ್ಕೆ ಒಗ್ಗಿಹೋಗುತ್ತದೆ’ ಅನ್ನುವುದು. ಎರಡು, ‘ಔಷಧಿ ತಾಗಿದ ಮೇಲೆ ಬ್ಯಾಕ್ಟೀರಿಯಾ ಬದುಕಲು ಪ್ರತಿರೋಧ ಕಲಿಯುತ್ತದೆ’ ಅನ್ನುವುದು. ಮೊದಲನೆಯದನ್ನು ತಿದ್ದುವುದು ಸುಲಭ. ಬದಲಾಗುವುದು ದೇಹ ಅಲ್ಲ, ಬ್ಯಾಕ್ಟೀರಿಯಾ ಎಂದರೆ ಒಪ್ಪುತ್ತಾರೆ. ಎರಡನೆಯದು ಮಾತ್ರ ಎಷ್ಟು ಉಪನ್ಯಾಸ ಕೊಟ್ಟರೂ ಜಗ್ಗುವುದಿಲ್ಲ. ‘ಆಕಸ್ಮಿಕ ಮ್ಯುಟೇಶನ್’ (ಜೀನ್‌ನಲ್ಲಿ ತಾನಾಗಿ ಆಗುವ ಬದಲಾವಣೆ) ಎಂದು ಪರೀಕ್ಷೆಯಲ್ಲಿ ಬರೆದ ಹುಡುಗಿಯೇ ಹೊರಗೆ ಬಂದು ‘ಬ್ಯಾಕ್ಟೀರಿಯಾ ಅಡ್ಜಸ್ಟ್ ಆಗುತ್ತೆ’ ಅನ್ನುತ್ತಾಳೆ.

ದಾಳ ಹಾಕಿ ಕಲಿಯುವ ವಿಕಾಸ

ಈ ತಪ್ಪು ಕಲ್ಪನೆ ವಿಜ್ಞಾನಿಗಳಿಗೂ ಇತ್ತು. ಅದನ್ನು ಮುರಿದದ್ದು 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಮಾಡಿದ ಪ್ರಯೋಗ. ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರದಲ್ಲಿ ಆಡುವುದನ್ನು ನೋಡುತ್ತಾ ಲೂರಿಯಾಗೆ ಅದರ ಉಪಾಯ ಹೊಳೆಯಿತಂತೆ. ಅದೇ ಪ್ರಯೋಗವನ್ನು ಬ್ಯಾಕ್ಟೀರಿಯಾ ಇಲ್ಲದೆ, ತರಗತಿಯ ಬೆಂಚಿನ ಮೇಲೇ ಆಡಿಸಬಹುದು. ಬೇಕಾಗುವುದು ದಾಳ ಮತ್ತು ಕಾಗದ.

ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿಯೂ ಒಂದು ಟೆಸ್ಟ್ ಟ್ಯೂಬ್ ಎಂದುಕೊಳ್ಳಿ. ಒಂದು ಬ್ಯಾಕ್ಟೀರಿಯಾದಿಂದ ಶುರು. ಅದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹೀಗೆ ಐದು ತಲೆಮಾರಿಗೆ 32. ಪ್ರತಿ ಹೊಸ ಕೋಶ ಹುಟ್ಟಿದಾಗ ಎರಡು ದಾಳ ಉರುಳಿಸಬೇಕು. ಎರಡರಲ್ಲೂ ಆರು ಬಿದ್ದರೆ ಆ ಕೋಶಕ್ಕೆ ಪ್ರತಿರೋಧ ಬಂತು. ಅದರ ಮಕ್ಕಳು ಮೊಮ್ಮಕ್ಕಳಿಗೂ ಬಂತು. ಕೊನೆಗೆ ‘ಆಂಟಿಬಯಾಟಿಕ್ ಹಾಕಿ’ ಉಳಿದವರನ್ನು ಎಣಿಸಬೇಕು. ಇದು ಮೊದಲ ಸುತ್ತು. ಎರಡನೇ ಸುತ್ತಿನಲ್ಲಿ ಬೆಳೆಯುವಾಗ ದಾಳವೇ ಇಲ್ಲ. 32 ಆದ ಮೇಲೆ ಆಂಟಿಬಯಾಟಿಕ್ ಹಾಕಿ, ಆಗ ಮಾತ್ರ ಪ್ರತಿಯೊಂದಕ್ಕೂ ಒಮ್ಮೆ ದಾಳ. ‘ಔಷಧಿ ತಾಗಿದ ಮೇಲೆ ಕಲಿಯುತ್ತದೆ’ ಅನ್ನುವ ನಂಬಿಕೆಯ ಆಟದ ರೂಪ ಇದು.

ಆಮೇಲೆ ಎಲ್ಲ ಜೋಡಿಗಳ ಸಂಖ್ಯೆಯನ್ನು ಬೋರ್ಡ್ ಮೇಲೆ ಬರೆಯಿರಿ. ಎರಡನೇ ಸುತ್ತಿನಲ್ಲಿ ಹೆಚ್ಚಿನವರಿಗೆ ಸೊನ್ನೆ, ಒಂದು, ಎರಡು ಇಷ್ಟೇ ಬರುತ್ತದೆ. ಮೊದಲ ಸುತ್ತಿನಲ್ಲಿ ಹಲವರಿಗೆ ಸೊನ್ನೆ, ಕೆಲವರಿಗೆ ಒಂದೋ ಎರಡೋ. ಎಲ್ಲೋ ಒಂದು ಜೋಡಿಗೆ 8, ಅದೃಷ್ಟ ಇದ್ದರೆ 16! ಮೊದಲ ತಲೆಮಾರುಗಳಲ್ಲೇ ಆರು-ಆರು ಬಿದ್ದವರ ಜಾಕ್‌ಪಾಟ್ ಅದು. ನಿಜವಾದ ಬ್ಯಾಕ್ಟೀರಿಯಾದಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಕಂಡದ್ದು ಇಂಥ ಜಾಕ್‌ಪಾಟ್‌ಗಳನ್ನೇ. ಹಾಗಾಗಿ ಮ್ಯುಟೇಶನ್ ಅಪಾಯ ಬರುವ ಮೊದಲೇ ಆಗಿತ್ತು. ಈ ತರ್ಕವನ್ನು ವಿದ್ಯಾರ್ಥಿಗಳೇ ಬೋರ್ಡ್ ನೋಡಿ ಹೇಳಬೇಕು, ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕು. ಅದೇ ಕಷ್ಟದ ಕೆಲಸ.

ಇದರ ಮುಂದಿನ ಹೆಜ್ಜೆಯಾಗಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಪ್ರಕಟಿಸಿದ ರೆಪ್ಲಿಕಾ ಪ್ಲೇಟಿಂಗ್ ಇದೆ. ಮಕಮಲ್ ಬಟ್ಟೆಯನ್ನು ಒಂದು ಪ್ಲೇಟ್ ಮೇಲೆ ಒತ್ತಿ, ಅದೇ ನಮೂನೆಯಲ್ಲಿ ಕಾಲೊನಿಗಳನ್ನು (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳನ್ನು) ಇನ್ನೊಂದು ಪ್ಲೇಟ್‌ಗೆ ಅಚ್ಚು ಹಾಕುವ ವಿಧಾನ. ಬಟ್ಟೆ ಅಂಗಡಿಯಲ್ಲಿ ಸಿಗುವ ಮಕಮಲ್ಲನ್ನೇ ಅಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ, ಬಳಸಬಹುದು. ನಮ್ಮಲ್ಲಿ ಇದನ್ನು ಚಿತ್ರ ಬಿಡಿಸಿ ಮುಗಿಸಿಬಿಡುತ್ತಾರೆ, ಸುಮ್ನೆ.

ತಪ್ಪನ್ನೇ ಪಾಠ ಮಾಡುವುದು

ಮತ್ತೆ ಗ್ರಾಂ ಸ್ಟೇನಿಂಗ್‌ಗೆ ಬರೋಣ. ಎಲ್ಲ ಕಾಲೇಜಿನಲ್ಲೂ ಇರುವ ಪ್ರಯೋಗ ಅದು, ಬದಲಾಯಿಸಲು ಕಾಸೂ ಖರ್ಚಾಗುವುದಿಲ್ಲ. ಡೆನ್ಮಾರ್ಕ್‌ನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಅದರಲ್ಲಿ ಸ್ಯಾಫ್ರನಿನ್ ಇರಲೇ ಇಲ್ಲ. ಎರಡನೇ ಬಣ್ಣ ಹಾಕುವ ಹಂತ ಆಮೇಲೆ ಬೇರೆಯವರಿಂದ ಸೇರಿತು. ಹಾಗಾದರೆ ಗ್ರಾಂ ನೋಡಿದ ಸ್ಲೈಡ್‌ನಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಹೇಗೆ ಕಂಡಿರಬೇಕು? ಬಣ್ಣವಿಲ್ಲದೆ. ಇದೇ ಒಂದು ಒಳ್ಳೆಯ ಪ್ರಶ್ನೆ.

ಬ್ಯಾಚ್‌ನಲ್ಲಿ 20 ಜನ ಇದ್ದರೆ ಐದು ಗುಂಪು ಮಾಡಿ. ಒಂದು ಗುಂಪು ಸರಿಯಾಗಿ ಮಾಡಲಿ. ಇನ್ನೊಂದು ಅಯೋಡಿನ್ ಹಾಕದಿರಲಿ. ಮೂರನೆಯದು ಆಲ್ಕೋಹಾಲ್ ಹಾಕದಿರಲಿ, ಎರಡೂ ಬಗೆಯ ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿಯುತ್ತವೆ. ನಾಲ್ಕನೆಯದು ಆಲ್ಕೋಹಾಲನ್ನು ಬೇಕೆಂದೇ ತುಂಬಾ ಹೊತ್ತು ಬಿಡಲಿ. ಐದನೆಯ ಗುಂಪಿಗೆ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾವಾದ ಬ್ಯಾಸಿಲಸ್‌ನ ಎರಡು-ಮೂರು ದಿನ ಹಳೆಯ ಕಲ್ಚರ್ (ಲ್ಯಾಬ್‌ನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಕೊಡಿ. ಹಳೆಯ ಕೋಶಗಳ ಗೋಡೆ ಸಡಿಲವಾಗಿರುವುದರಿಂದ ನೇರಳೆ ಕೋಶಗಳ ನಡುವೆ ಕೆಂಪು ಕೋಶಗಳೂ ಕಾಣುತ್ತವೆ. ಕಲಬೆರಕೆ ಕಲ್ಚರೋ, ಹಳೆಯ ಕಲ್ಚರೋ ಎಂದು ಆ ಗುಂಪು ತಲೆ ಕೆಡಿಸಿಕೊಳ್ಳಲಿ. ಬಣ್ಣದ ಬಾಟಲಿ ಮುಟ್ಟುವ ಮೊದಲು ಪ್ರತಿ ಗುಂಪೂ ‘ನಮಗೆ ಇಂಥ ಬಣ್ಣ ಬರುತ್ತದೆ, ಯಾಕೆಂದರೆ...’ ಎಂದು ಎರಡು ಸಾಲು ಬರೆದು ಕೊಡಬೇಕು. ಆಮೇಲೆ ಒಬ್ಬರ ಮೈಕ್ರೋಸ್ಕೋಪ್ ಇನ್ನೊಬ್ಬರು ನೋಡಬೇಕು. ಐದೇ ಮೈಕ್ರೋಸ್ಕೋಪ್ ಇದ್ದರೂ ನಡೆಯುತ್ತದೆ. ಎಲ್ಲರೂ ಒಂದೇ ಸ್ಲೈಡ್ ಮಾಡುವಾಗ ಐದು ಮೈಕ್ರೋಸ್ಕೋಪ್ ಸಾಲದು ಅನ್ನುವ ತೊಂದರೆ ಇಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.

ಊಹೆ ಬರೆಸುವುದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ತನ್ನ ಊಹೆ ತಪ್ಪಾದಾಗಲೇ ಮನಸ್ಸು ಕಾರಣ ಹುಡುಕುವುದು. ಬರೆದು ಕೊಡದಿದ್ದರೆ ‘ನಾನೂ ಹಾಗೇ ಅಂದುಕೊಂಡಿದ್ದೆ’ ಎಂದು ಎಲ್ಲರೂ ಜಾರಿಕೊಳ್ಳುತ್ತಾರೆ.

ಥಿಯರಿ ತರಗತಿಯಲ್ಲೂ ಇದೇ ಕೆಲಸವನ್ನು ನಾಲ್ಕು ಬಣ್ಣದ ಕಾರ್ಡ್ ಇಟ್ಟುಕೊಂಡು ಮಾಡಬಹುದು. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ ಇದು. ಪ್ರಶ್ನೆ ಹಾಕಿ, ಒಬ್ಬೊಬ್ಬರೇ ಕಾರ್ಡ್ ಎತ್ತಲಿ. ಉತ್ತರ ಹೇಳಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲಿ. ಮತ್ತೆ ಕಾರ್ಡ್ ಎತ್ತಲಿ. ದಡ್ಡರು ಜಾಣರನ್ನು ನೋಡಿ ಕಾರ್ಡ್ ಬದಲಿಸುತ್ತಾರೆ ಅಷ್ಟೇ ಎಂಬ ಅನುಮಾನ ಬರುವುದು ಸಹಜ. 2009ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಜೆನೆಟಿಕ್ಸ್ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿದರು. ಚರ್ಚೆಯ ನಂತರ ಅದೇ ವಿಚಾರದ ಬೇರೆ ಪ್ರಶ್ನೆ ಕೊಟ್ಟರು. ಮೊದಲು ಯಾರಿಗೂ ಸರಿ ಉತ್ತರ ಗೊತ್ತಿರದ ಗುಂಪುಗಳಲ್ಲೂ ಸರಿ ಉತ್ತರ ಹೆಚ್ಚಾಗಿತ್ತು. ಮಾತಾಡುತ್ತಾ ಮಾತಾಡುತ್ತಾ ಅವರೇ ದಾರಿ ಕಂಡುಕೊಂಡಿದ್ದರು.

ಆ ಎರಡು ನಿಮಿಷದ ವಾದ ಕನ್ನಡದಲ್ಲೇ ನಡೆಯಲಿ. ತುಳು, ಉರ್ದು, ಕೊಂಕಣಿ, ಯಾವುದಾದರೂ ಸರಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಬ್ಯಾಕ್ಟೀರಿಯಾದ ಗೋಡೆಯ ವಸ್ತುವಾದ ‘ಪೆಪ್ಟಿಡೊಗ್ಲೈಕನ್’ ಶಬ್ದವನ್ನು ಇಂಗ್ಲಿಷ್‌ನಲ್ಲೇ ಬಳಸುತ್ತಾನೆ, ಆದರೆ ‘ಯಾಕೆ ಬಣ್ಣ ಹೊರಗೆ ಬರಲ್ಲ’ ಅನ್ನುವುದನ್ನು ಅವನಿಗೆ ತನ್ನ ಮಾತಿನಲ್ಲೇ ಯೋಚಿಸಲು ಬಿಡಬೇಕು. ಪರೀಕ್ಷೆ ಇಂಗ್ಲಿಷ್‌ನಲ್ಲಿ ಇದೆ ಎಂದು ತರಗತಿಯ ಮಾತನ್ನೂ ಇಂಗ್ಲಿಷ್‌ಗೆ ಕಟ್ಟಿಹಾಕಿದರೆ ಬಾಯಿ ತೆರೆಯುವವರು ಮೊದಲ ಬೆಂಚಿನ ನಾಲ್ಕು ಮಂದಿ ಮಾತ್ರ.

ಮಣ್ಣು, ಬೇರು, ಹಿಟ್ಟು

ಉತ್ತರ ಗೊತ್ತಿಲ್ಲದ ಪ್ರಯೋಗಕ್ಕೆ ಜಗತ್ತಿನಲ್ಲಿ ಒಳ್ಳೆಯ ಮಾದರಿಗಳಿವೆ. ಜೋ ಹ್ಯಾಂಡೆಲ್ಸ್‌ಮನ್ 2012ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸ್ ಶುರುಮಾಡಿದರು. ವಿದ್ಯಾರ್ಥಿಗಳು ತಮ್ಮೂರಿನ ಮಣ್ಣಿನಿಂದ ಬ್ಯಾಕ್ಟೀರಿಯಾ ಬೆಳೆಸಿ, ಅವುಗಳಲ್ಲಿ ಯಾವುದಾದರೂ ಆಂಟಿಬಯಾಟಿಕ್ ಉಂಟುಮಾಡುತ್ತದೆಯೇ ಎಂದು ಹುಡುಕಬೇಕು. ಅದೇ ಮುಂದೆ ‘ಟೈನಿ ಅರ್ಥ್’ ಎಂಬ ಜಾಲವಾಗಿ ಹಲವು ದೇಶಗಳಿಗೆ ಹರಡಿತು. ಸ್ಟ್ರೆಪ್ಟೊಮೈಸಿನ್ ಕೂಡ 1943ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ ಸಿಕ್ಕಿದ್ದು, ಅದನ್ನು ಬೇರ್ಪಡಿಸಿದ ಆಲ್ಬರ್ಟ್ ಶಾಟ್ಜ್ ಆಗ ರಟ್ಗರ್ಸ್‌ನ ಒಬ್ಬ ಸಂಶೋಧನಾ ವಿದ್ಯಾರ್ಥಿ.

ಇನ್ನೊಂದು ಮಾದರಿ 2008ರಲ್ಲಿ ಶುರುವಾದ ಸೀ-ಫೇಜಸ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಲ್ಯಾಬ್ ಮತ್ತು ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಇದರ ಹಿಂದಿವೆ. ಇಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳನ್ನು, ಅಂದರೆ ಫೇಜ್‌ಗಳನ್ನು, ಹುಡುಕುತ್ತಾರೆ. ಸಿಕ್ಕ ಫೇಜ್‌ಗೆ ತಾವೇ ಹೆಸರಿಡುತ್ತಾರೆ. ಈ ಬಗೆಯ ಕೆಲಸದಲ್ಲೇ 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬರಿಗೆ ಕೊಳೆತ ಬದನೆಕಾಯಿಯಲ್ಲಿ ಒಂದು ಫೇಜ್ ಸಿಕ್ಕಿತು. ಹೆಸರು ಮಡ್ಡಿ. ಎಷ್ಟೋ ವರ್ಷ ಅದು ಪಿಟ್ಸ್‌ಬರ್ಗ್‌ನ ಫ್ರೀಜರ್‌ನಲ್ಲಿತ್ತು. ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹದಿಹರೆಯದ ಹುಡುಗಿಯೊಬ್ಬಳ ದೇಹದಲ್ಲಿ ಶ್ವಾಸಕೋಶ ಕಸಿಯ ನಂತರ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಮೈಕೋಬ್ಯಾಕ್ಟೀರಿಯಾ ಸೋಂಕು ಹರಡಿದಾಗ ವೈದ್ಯರು ಮೂರು ಫೇಜ್‌ಗಳ ಮಿಶ್ರಣ ಕೊಟ್ಟರು. ಮೂರರಲ್ಲಿ ಎರಡರ ಜೀನ್ ತಿದ್ದಬೇಕಾಯಿತು. ಬದನೆಕಾಯಿಯ ಮಡ್ಡಿ ಮಾತ್ರ ಇದ್ದ ಹಾಗೆಯೇ ಕೆಲಸಕ್ಕೆ ಬಂತು. ಆಕೆಯ ಸ್ಥಿತಿ ಸುಧಾರಿಸಿದ ವಿವರ 2019ರಲ್ಲಿ ಪ್ರಕಟವಾಯಿತು.

ಇಂಥ ಕತೆ ಕೇಳಿದರೆ ಹುರುಪು ಬರುತ್ತದೆ, ಜೊತೆಗೆ ‘ನಮ್ಮಲ್ಲಿ ಜೀನೋಮ್ ಓದುವ ಯಂತ್ರ ಎಲ್ಲಿದೆ?’ ಎಂಬ ನಿಟ್ಟುಸಿರೂ ಬರುತ್ತದೆ. ನನ್ನ ಪ್ರಕಾರ ಆ ಯಂತ್ರ ಈ ಮಾದರಿಯ ಜೀವಾಳವೇ ಅಲ್ಲ. ಪ್ರಶ್ನೆ ನಮ್ಮದಾಗಿರಬೇಕು, ಉತ್ತರ ಮೇಷ್ಟ್ರಿಗೂ ಗೊತ್ತಿರಬಾರದು. ಅದಕ್ಕೆ ಕರ್ನಾಟಕದಲ್ಲಿ ಬರವೇ ಇಲ್ಲ.

ದೋಸೆ-ಇಡ್ಲಿ ಹಿಟ್ಟನ್ನೇ ತೆಗೆದುಕೊಳ್ಳಿ. ಹಿಟ್ಟು ಉಬ್ಬುವುದು ಯೀಸ್ಟ್‌ನಿಂದ ಎಂದು ಎಷ್ಟೋ ವಿದ್ಯಾರ್ಥಿಗಳು ನಂಬಿರುತ್ತಾರೆ, ಬ್ರೆಡ್ಡಿನ ಪಾಠ ಓದಿರುತ್ತಾರಲ್ಲ. ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಪಾತ್ರ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ್ದು ಎಂದು 1965ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಅದು ಹುಳಿಯ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ, ಉದ್ದಿನ ಜಿಗುಟು ಆ ಗಾಳಿಯನ್ನು ಹಿಡಿದಿಡುತ್ತದೆ. ಇಷ್ಟು ಪುಸ್ತಕದಲ್ಲಿದೆ. ಆದರೆ ಬೆಂಗಳೂರಿನ ಡಿಸೆಂಬರ್ ರಾತ್ರಿಯ ಹಿಟ್ಟಿಗೂ ಕಲಬುರಗಿಯ ಏಪ್ರಿಲ್ ಹಿಟ್ಟಿಗೂ ಏನು ವ್ಯತ್ಯಾಸ? ರಾತ್ರಿಯೇ ಉಪ್ಪು ಹಾಕಿದರೆ ಬೇಗ ಹುಳಿ ಬರುತ್ತದೋ ತಡವಾಗುತ್ತದೋ? ಈ ವಿಷಯದಲ್ಲಿ ಎರಡು ಮನೆಯವರು ಒಂದೇ ಮಾತು ಹೇಳುವುದಿಲ್ಲ. ಮೆಂತ್ಯ ಹಾಕಿದರೆ ಬ್ಯಾಕ್ಟೀರಿಯಾ ಹೆಚ್ಚಾಗುತ್ತದೋ ಅಥವಾ ಬರೀ ಗಾಳಿ ಹಿಡಿದಿಡುವ ಶಕ್ತಿ ಹೆಚ್ಚಾಗುತ್ತದೋ?

ಇದಕ್ಕೆ ಬೇಕಾದದ್ದು ಅಳತೆಯ ಸಿಲಿಂಡರ್, ಪಿಎಚ್ ಪೇಪರ್, ಕೆಲವು ಅಗಾರ್ ಪ್ಲೇಟ್. ನಾಲ್ಕು ಗಂಟೆಗೊಮ್ಮೆ ಹಿಟ್ಟಿನ ಎತ್ತರ, ಹುಳಿ, ಕಾಲೊನಿ ಎಣಿಕೆ. ಸೀರಿಯಲ್ ಡೈಲ್ಯೂಶನ್ (ಹಂತಹಂತವಾಗಿ ತೆಳುಮಾಡುವುದು), ಪ್ಲೇಟ್ ಕೌಂಟ್, ಬೆಳವಣಿಗೆಯ ರೇಖೆ, ಗ್ರಾಂ ಸ್ಟೇನಿಂಗ್ ಎಲ್ಲ ಸಿಲಬಸ್ಸಿನಲ್ಲಿ ಇರುವವೇ. ಈಗ ಅವಕ್ಕೊಂದು ಕಾರಣ ಸಿಕ್ಕಿತು. ಕಾಲೊನಿಗಳು 30ರಿಂದ 300ರೊಳಗೆ ಇದ್ದರೆ ಮಾತ್ರ ಎಣಿಸಬೇಕು ಎಂಬ ನಿಯಮ ಯಾಕಿದೆ ಎಂದು, ಎಣಿಸಲಾಗದಷ್ಟು ತುಂಬಿದ ಪ್ಲೇಟ್ ಕೈಯಲ್ಲಿ ಹಿಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಬ್‌ನಲ್ಲಿ ಇಟ್ಟ ಹಿಟ್ಟನ್ನು ಮಾತ್ರ ಯಾರೂ ದೋಸೆ ಹಾಕಿ ತಿನ್ನಬಾರದು!

ಹಳ್ಳಿಯಿಂದ ಬರುವ ವಿದ್ಯಾರ್ಥಿಗಳಿದ್ದರೆ ಅಲಸಂದೆ, ಹೆಸರು, ತೊಗರಿ, ಕಡಲೆಕಾಯಿ ಗಿಡದ ಬೇರುಗಂಟುಗಳು ಇನ್ನೂ ಒಳ್ಳೆಯ ವಸ್ತು. ಗಂಟು ಕೊಯ್ದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂದರ್ಥ, ಲೆಗ್‌ಹಿಮೋಗ್ಲೋಬಿನ್ ಕೊಡುವ ಬಣ್ಣ ಅದು. ಯೂರಿಯಾ ಜಾಸ್ತಿ ಸುರಿದ ಹೊಲದಲ್ಲಿ ಗಿಡಕ್ಕೆ ಬ್ಯಾಕ್ಟೀರಿಯಾದ ನೆರವು ಬೇಕಿಲ್ಲ, ಹಾಗಾಗಿ ಗಂಟು ಕಡಿಮೆ ಇರಬೇಕು. ಇದು ಊಹೆ. ತಮ್ಮ ಹೊಲದ ಹತ್ತು ಗಿಡ, ಪಕ್ಕದವರ ಹೊಲದ ಹತ್ತು ಗಿಡ ಕಿತ್ತು ತಂದು ಎಣಿಸಿದರೆ ಪರೀಕ್ಷೆಯಾಯಿತು. ಲೆಕ್ಕ ಊಹೆಗೆ ವಿರುದ್ಧ ಬಂದರೆ ಇನ್ನೂ ಒಳ್ಳೆಯದು. ತೇವ, ಬಿತ್ತಿದ ದಿನ, ತಳಿ, ಬೀಜಕ್ಕೆ ಬೇರುಗಂಟಿನ ಬ್ಯಾಕ್ಟೀರಿಯಾವಾದ ರೈಜೋಬಿಯಂ ಲೇಪಿಸಿದ್ದರೋ ಇಲ್ಲವೋ ಎಂದು ಕೇಳುತ್ತಾ ಹೋಗಬೇಕಾಗುತ್ತದೆ. ಕೇಳಬೇಕಾದವರು ಅಪ್ಪ, ದೊಡ್ಡಪ್ಪಂದಿರು. ಮನೆಯ ಅನುಭವಕ್ಕೆ ಲ್ಯಾಬ್‌ನಲ್ಲಿ ಬೆಲೆ ಸಿಗುವುದು ಅಪರೂಪ.

ಆದರೆ, ಹಾಗಂತ

ಎಲ್ಲವನ್ನೂ ಮೊದಲ ದಿನದಿಂದಲೇ ಹುಡುಗರ ಕೈಗೆ ಬಿಟ್ಟುಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಮಾರ್ಗದರ್ಶನ ಇಲ್ಲದ ‘ನೀವೇ ಕಂಡುಹಿಡಿಯಿರಿ’ ಪಾಠ ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ ಎಂದು 2006ರಲ್ಲಿ ಕಿರ್ಶ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಬಲವಾಗಿ ವಾದಿಸಿದ್ದರು. ಅದರಲ್ಲಿ ಹುರುಳಿದೆ. ಬ್ಯಾಕ್ಟೀರಿಯಾ ಎತ್ತುವ ತಂತಿಯ ಲೂಪ್ ಕಾಯಿಸಿ ತಣಿಸಿ ಪ್ಲೇಟ್ ಮೇಲೆ ಗೆರೆ ಎಳೆದು ಸ್ಟ್ರೀಕ್ ಮಾಡಲು ಬಾರದವರು ಮಣ್ಣಿನಿಂದ ಏನನ್ನೂ ಶುದ್ಧವಾಗಿ ಬೇರ್ಪಡಿಸಲಾರರು. ಕೈ ಪಳಗಿಸುವ ಕೆಲಸಕ್ಕೆ ಮೊದಲ ಸೆಮಿಸ್ಟರ್ ಪೂರ್ತಿ ಕೊಡಲಿ. ಅಲ್ಲಿ ಹೇಳಿಕೊಟ್ಟು, ಮಾಡಿ ತೋರಿಸಿ, ಹತ್ತು ಸಲ ಮಾಡಿಸುವುದೇ ಸರಿ.

ಸಾಧನಗಳ ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಅಮೃತಾ ವಿಶ್ವವಿದ್ಯಾಪೀಠ ಮಾಡಿರುವ ಮೈಕ್ರೋಬಯಾಲಜಿ ಪ್ರಯೋಗಗಳು ಉಚಿತವಾಗಿ ಸಿಗುತ್ತವೆ. ಲ್ಯಾಬ್‌ಗೆ ಬರುವ ಹಿಂದಿನ ದಿನ ನೋಡಿ ಬರಲು ಚೆನ್ನ. ಲ್ಯಾಬ್‌ನ ಬದಲು ಅದನ್ನೇ ತೋರಿಸಿ ಮುಗಿಸಿದರೆ ಮೋಸ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2014ರಲ್ಲಿ ಪರಿಚಯಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಕೆರೆ ನೀರಿನ ಜೀವಿಗಳನ್ನು ಅದ್ಭುತವಾಗಿ ತೋರಿಸುತ್ತದೆ. ಆದರೆ 140 ಪಟ್ಟು ಹಿಗ್ಗಿಸುವ, ಸುಮಾರು ಎರಡು ಮೈಕ್ರಾನ್‌ವರೆಗೆ ವಿವರ ಕಾಣುವ ಸಾಧನದಲ್ಲಿ ಗ್ರಾಂ ಸ್ಟೇನಿಂಗ್ ನೋಡಲು ಹೊರಟರೆ ನಿರಾಸೆ ಖಂಡಿತ.

ಇನ್ನು ಸುರಕ್ಷತೆ. ಮಣ್ಣಿನಿಂದ ಏನು ಬೆಳೆಯುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಪ್ಲೇಟ್‌ಗಳನ್ನು 37 ಡಿಗ್ರಿಗೆ ಬದಲು 25–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಮನುಷ್ಯರ ದೇಹದ ಬಿಸಿಗೆ ಒಗ್ಗಿದ ಜೀವಿಗಳು ಹಾಗೆ ಕಡಿಮೆ ಬೆಳೆಯುತ್ತವೆ. ಪ್ಲೇಟ್‌ಗೆ ಟೇಪ್ ಸುತ್ತಬೇಕು, ಕೆಲಸ ಮುಗಿದ ಮೇಲೆ 121 ಡಿಗ್ರಿಯಲ್ಲಿ ಅಟೋಕ್ಲೇವ್ ಮಾಡಿಯೇ ಎಸೆಯಬೇಕು. ರೋಗಾಣುಗಳ ಬದಲು ಅವುಗಳ ನಿರುಪದ್ರವಿ ಸಂಬಂಧಿಗಳ ಮೇಲೆ ಪರೀಕ್ಷೆ ನಡೆಸಬೇಕು. ಅಮೆರಿಕದಲ್ಲಿ 2010–11ರಲ್ಲಿ ಬೋಧನಾ ಲ್ಯಾಬ್‌ಗಳು ಮತ್ತು ಆಸ್ಪತ್ರೆ ಲ್ಯಾಬ್‌ಗಳ ನಂಟಿದ್ದ ಸಾಲ್ಮೊನೆಲ್ಲಾ ಸೋಂಕು 38 ರಾಜ್ಯಗಳ 109 ಜನರಿಗೆ ತಗುಲಿತ್ತು, ಒಬ್ಬರು ಸತ್ತರು. ಲ್ಯಾಬ್ ಕೆಲಸ ಮಾಡುವವರ ಮನೆಯ ಮಕ್ಕಳಿಗೂ ಅದು ತಗುಲಿತ್ತು. ಪೆನ್ನು, ಪುಸ್ತಕ, ಬ್ಯಾಗು ಲ್ಯಾಬ್ ಮತ್ತು ಮನೆಯ ನಡುವೆ ಓಡಾಡಬಾರದು ಎಂಬ ಎಚ್ಚರಿಕೆ ಆಗ ಬಂತು. ನಮ್ಮಲ್ಲಿ ಕಲ್ಚರ್ ಇರುವ ಮೇಜಿನ ಮೇಲೇ ರೆಕಾರ್ಡ್ ಬಿಚ್ಚಿಟ್ಟು ಬರೆಯುತ್ತೇವೆ, ಪಕ್ಕದಲ್ಲಿ ಮೊಬೈಲ್. ರೆಕಾರ್ಡ್ ಪದ್ಧತಿಯನ್ನು ಬದಲಾಯಿಸಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಯಾರು ಮಾಡಬೇಕು ಅನ್ನುವುದು ಕೊನೆಯ ತೊಡಕು. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಮೇಲಿದೆ. ಮುಂದಿನ ಸೆಮಿಸ್ಟರ್‌ಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಮೂರು ತಿಂಗಳ ಮಣ್ಣಿನ ಪ್ರಾಜೆಕ್ಟ್ ಮಾಡಿಸಿ ಎಂದು ಉಪದೇಶ ಮಾಡುವುದು ಸುಲಭ. ಹಾಗಾಗಿ ದೊಡ್ಡ ಯೋಜನೆಗಿಂತ ಮೊದಲು ಪರೀಕ್ಷೆಯ ಪ್ರಶ್ನೆ ಬದಲಾಗಲಿ ಅನ್ನುತ್ತೇನೆ. ಅಂಕ ಎಲ್ಲಿದೆಯೋ ಪಾಠ ಅಲ್ಲಿಗೇ ಹೋಗುತ್ತದೆ. ಇಂಟರ್ನಲ್ಸ್ ಅಂಕಗಳು ಕಾಲೇಜಿನ ಕೈಯಲ್ಲೇ ಇವೆ, ಅದಕ್ಕೆ ವಿಶ್ವವಿದ್ಯಾಲಯದ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಪ್ಲೇಟ್ ನೋಡುವ ಮೊದಲು ಬರೆದ ಊಹೆಗೆ ಎರಡು ಅಂಕ. ಊಹೆ ತಪ್ಪಾದರೂ ಕಾರಣ ಹೇಳಿದವರಿಗೆ ಪೂರ್ತಿ ಅಂಕ. ಅಂದವಾದ ಚಿತ್ರಕ್ಕೆ, ಬಣ್ಣದ ಹೊದಿಕೆಗೆ ಅಂಕ ಬೇಡ.

ಸೆಮಿಸ್ಟರ್ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ‘ಕೊಟ್ಟ ಕಲ್ಚರ್‌ಗೆ ಗ್ರಾಂ ಸ್ಟೇನಿಂಗ್ ಮಾಡಿ’ ಎಂಬ ಪ್ರಶ್ನೆಯನ್ನು ಹಾಗೇ ಇಟ್ಟುಕೊಳ್ಳಿ. ಸ್ಪಾಟರ್‌ಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿ. ಈಗ ಇನಾಕ್ಯುಲೇಶನ್ ಲೂಪನ್ನೋ ಪೆಟ್ರಿ ಪ್ಲೇಟನ್ನೋ ಇಟ್ಟು ‘ಗುರುತಿಸಿ, ಉಪಯೋಗ ಬರೆಯಿರಿ’ ಎಂದು ಕೇಳುವ ಜಾಗದಲ್ಲಿ ಎರಡು ಸ್ಲೈಡ್ ಇಡಿ. ಎರಡೂ ಒಂದೇ ಸ್ಟ್ಯಾಫಿಲೊಕಾಕಸ್ ಕಲ್ಚರ್‌ನವು, ಒಂದು ನೇರಳೆ, ಇನ್ನೊಂದು ಕೆಂಪು. ‘ಎರಡನೇ ಸ್ಲೈಡ್ ಮಾಡಿದವರು ಎಲ್ಲಿ ತಪ್ಪಿರಬಹುದು? ಎರಡು ಸಾಧ್ಯತೆ ಬರೆಯಿರಿ. ಅವೆರಡರಲ್ಲಿ ಯಾವುದು ಸರಿ ಎಂದು ಹೇಗೆ ಪತ್ತೆ ಮಾಡುತ್ತೀರಿ?’ ಎಂದು ಕೇಳಿ. ಹೆಚ್ಚುವರಿ ಕೆಮಿಕಲ್ ಬೇಡ, ಹೆಚ್ಚುವರಿ ಸಮಯವೂ ಬೇಡ. ಹಿಂದಿನ ದಿನ ಯಾರಾದರೂ ಕೂತು ಒಂದು ಸ್ಲೈಡನ್ನು ಬೇಕೆಂದೇ ಕೆಡಿಸಿಡಬೇಕು, ಅಷ್ಟೇ.